ಎರಡು ಮಿಲಿಮೀಟರ್ ಸಂದಿ

ಕಲಬುರಗಿಯಲ್ಲಿ ಕೂಲರ್ ಎಂದರೆ ಕಿಟಕಿಗೆ ಕೂರಿಸಿ ನೀರು ತುಂಬಿಸುವ ದೊಡ್ಡ ಪೆಟ್ಟಿಗೆ. ನಾನು ಹುಡುಕುತ್ತಿದ್ದುದು ಅಂಗೈಯಲ್ಲಿ ಹಿಡಿಯುವಂಥದ್ದು, ಕಂಪ್ಯೂಟರ್‌ನ ಪ್ರೊಸೆಸರನ್ನು ತಣ್ಣಗಿಡುವಂಥದ್ದು.

ಹಳೆಯ ಕ್ಯಾಬಿನೆಟ್ ಅರ್ಧ ಮೇಜನ್ನು ನುಂಗುತ್ತಿತ್ತು. ಅದರಲ್ಲಿದ್ದ ರೈಜೆನ್ 5 5600ಜಿ ಪ್ರೊಸೆಸರನ್ನು, ಪುಸ್ತಕದ ಕಪಾಟಿನಲ್ಲಿ ಕೂರುವ ತೆಳು ಕ್ಯಾಬಿನೆಟ್‌ಗೆ ಸಾಗಿಸಲು ಹೊರಟೆ. ಪ್ರೊಸೆಸರ್‌ನ ನೆತ್ತಿಯಿಂದ ಪಕ್ಕದ ತಗಡಿನವರೆಗೆ ಅಳೆದರೆ 49 ಮಿಲಿಮೀಟರ್. ಪ್ರೊಸೆಸರ್ ಜೊತೆ ಬಂದಿದ್ದ ಕೂಲರ್‌ನ ಎತ್ತರ 54. ಅಲ್ಲಿಗೆ ಅದರ ಕಥೆ ಮುಗಿಯಿತು.

ಅದನ್ನು ಬಿಚ್ಚುವಾಗಲೇ ಎಡವಟ್ಟಾಯಿತು. ನಾಲ್ಕು ಸ್ಕ್ರೂ ತೆಗೆದು ನೇರವಾಗಿ ಮೇಲಕ್ಕೆಳೆದೆ. ಶಾಖ ದಾಟಿಸಲು ಇವೆರಡರ ನಡುವೆ ಹಚ್ಚಿದ್ದ ಪೇಸ್ಟ್ ಒಣಗಿ ಅಂಟಿನಂತೆ ಹಿಡಿದಿತ್ತು. ಪ್ರೊಸೆಸರ್ ಕೂರುವ ಸಾಕೆಟ್‌ನ ಸನ್ನೆ ಹಾಕಿದ್ದಂತೆಯೇ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡು ಕಿತ್ತು ಬಂತು. ಮೂಲೆಯ ಮೂರು ಪಿನ್‌ಗಳು ಬಾಗಿದ್ದವು. ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತೂತಿಗೆ ಒಂದೊಂದೇ ಪಿನ್ ತೂರಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಬೇಕು. ಆಮೇಲೆ ಆಫ್ ಮಾಡಿ, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಗಿಸಿ ಎತ್ತಬೇಕು. ಗೊತ್ತಿದ್ದೂ ಅವಸರ ಮಾಡಿದ್ದೆ.

ಕೊನೆಗೆ ಎರಡು ಕೂಲರ್‌ಗಳು ಉಳಿದವು. ನಾಕ್ಟುವಾದ ಎನ್‌ಎಚ್-ಎಲ್9ಎ 37 ಮಿಲಿಮೀಟರ್, ಅದರಲ್ಲಿ ಎರಡು ಹೀಟ್‌ಪೈಪ್, ಅಂದರೆ ಶಾಖ ಸಾಗಿಸುವ ಕೊಳವೆ. ಥರ್ಮಲ್‌ರೈಟ್‌ನ ಎಎಕ್ಸ್‌ಪಿ90-ಎಕ್ಸ್47 ಹೆಸರೇ ಹೇಳುವಂತೆ 47, ಹೀಟ್‌ಪೈಪ್ ನಾಲ್ಕು. ಲೋಹ ಹೆಚ್ಚಿದ್ದಷ್ಟೂ ತಂಪು ಎಂದು 47ರದ್ದನ್ನೇ ತರಿಸಿದೆ. ಲೆಕ್ಕದ ಪ್ರಕಾರ ಎರಡು ಮಿಲಿಮೀಟರ್ ಮಿಕ್ಕಿತ್ತಲ್ಲ!

ತಗಡು ಮುಚ್ಚಿ ಒಂದು ವಿಡಿಯೊ ಪರಿವರ್ತನೆಗೆ ಹಾಕಿದೆ. ಕೋಣೆಯೊಳಗೆ 36 ಡಿಗ್ರಿ, ಪ್ರೊಸೆಸರ್ 91, ಜೊತೆಗೆ ಸೀಟಿಯಂಥ ಸದ್ದು. ತಗಡು ತೆಗೆದೆ: 77, ಸದ್ದೂ ಇಲ್ಲ. ಈ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳುವುದು ತಗಡಿನ ಕಡೆಯಿಂದ. ನನ್ನ ತಗಡಿನಲ್ಲಿ ಅಲ್ಲಿ ತೂತುಗಳೇ ಇರಲಿಲ್ಲ. ಆ ಎರಡು ಮಿಲಿಮೀಟರ್ ಸಂದಿಯಿಂದಲೇ ಅದು ಉಸಿರಾಡಬೇಕಿತ್ತು. ಕೂಲರ್ ಒಳಗೆ ಹಿಡಿಸುತ್ತದೆಯೇ ಎಂದಷ್ಟೇ ನೋಡಿದ್ದೆ, ಅದಕ್ಕೆ ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಿರಲಿಲ್ಲ.

ತಗಡನ್ನು ಗೇಟು, ಗ್ರಿಲ್ ಮಾಡುವ ಅಂಗಡಿಗೆ ಒಯ್ದು, ಫ್ಯಾನಿನ ನೇರಕ್ಕೆ ದುಂಡಗೆ ಕತ್ತರಿಸಿ ಜಾಲರಿ ಹಾಕಿಸಿದೆ. "ಇಷ್ಟು ಚಂದದ ಪೆಟ್ಟಿಗೆಗೆ ಯಾಕ್ರೀ ತೂತು?" ಎಂದು ಆತ ಎರಡು ಸಲ ಕೇಳಿದ. ಮುಚ್ಚಿದಾಗ ಈಗ 79. ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಪ್ರೊಸೆಸರ್‌ನ 65 ವ್ಯಾಟ್‌ನ ಮಿತಿಯನ್ನು 45ಕ್ಕೆ ಇಳಿಸಿದ ಮೇಲೆ 71. ವಿಡಿಯೊ ಮುಗಿಯಲು ಸ್ವಲ್ಪ ತಡವಾಗುತ್ತದೆ, ಅಷ್ಟರಲ್ಲಿ ಚಹಾ ಆಗುತ್ತದೆ.

ತಗಡು ಕತ್ತರಿಸುವ ಮನಸ್ಸಿಲ್ಲದವರು 37ರದ್ದನ್ನೇ ಕೊಂಡು, ಫ್ಯಾನಿನ ಮುಂದೆ ಒಂದು ಸೆಂಟಿಮೀಟರಾದರೂ ಬಿಡುವುದು ಮೇಲು. ನನ್ನ ಜಾಲರಿಗೆ ಹದಿನೈದು ದಿನಕ್ಕೊಮ್ಮೆ ಧೂಳು ಕಟ್ಟುತ್ತದೆ. ಹಳೆಯ ಪೇಂಟ್ ಬ್ರಷ್ ಒಂದನ್ನು ಕಪಾಟಿನಲ್ಲೇ ಇಟ್ಟಿದ್ದೇನೆ.