ಅಂಗಡಿಯ ಫೋನ್ ಇಂಟರ್ನೆಟ್‌ಗೆ: ಹಳೆಯ ನಂಬರ್ ಕೈತಪ್ಪದಂತೆ ಬದಲಾಗುವುದು ಹೇಗೆ?

ತುಮಕೂರಿನ ಮಂಡಿಪೇಟೆಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತಿರುವ ಲ್ಯಾಂಡ್‌ಲೈನ್ ಫೋನಿಗೆ ಬೆಲೆ ಬಂದಿರುವುದು 0816ರಿಂದ ಶುರುವಾಗುವ ಅದರ ನಂಬರಿನಿಂದ. ಬಿಲ್ ಪುಸ್ತಕದ ತಲೆಬರಹ, ಅಂಗಡಿಯ ಬೋರ್ಡು, ಚೀಲದ ಮೇಲಿನ ಅಚ್ಚು, ಗುಬ್ಬಿ–ತುರುವೇಕೆರೆ ಕಡೆಯ ರೈತರ ಡೈರಿ, ಎಲ್ಲೆಡೆ ವರ್ಷಗಟ್ಟಲೆಯಿಂದ ಇರುವುದು ಅದೇ ನಂಬರ್. ರಸ್ತೆ ಅಗೆದಾಗಲೆಲ್ಲ ತಾಮ್ರದ ಕೇಬಲ್ ತುಂಡಾಗಿ ಡಯಲ್ ಟೋನ್ ನಿಂತುಹೋಗುವುದರಿಂದ ಬೇಸತ್ತ ವರ್ತಕರು ಇಂಟರ್ನೆಟ್ ಮೂಲಕ ನಡೆಯುವ ಫೋನ್ ಸೇವೆಯತ್ತ ನೋಡುವುದು ಸಹಜ. ಬದಲಾಗುವುದು ಕಷ್ಟದ ಕೆಲಸವಲ್ಲ, ಆದರೆ ಕೆಲಸದ ಕ್ರಮ ಹಿಂದುಮುಂದಾದರೆ ನಂಬರ್ ಹೋಗುತ್ತದೆ.

ಹಳೆಯ ಲೈನಿಗೆ ಏನೇನು ಜೋಡಿಸಿದೆ?

ಮೊದಲು ಗೋಡೆಯ ತಂತಿಯನ್ನು ಹಿಡಿದು ಅದು ಎಲ್ಲೆಲ್ಲಿ ಹೋಗಿದೆ ಎಂದು ನೋಡಿ ಪಟ್ಟಿ ಮಾಡಬೇಕು. ಹಿಂದಿನ ಗೋದಾಮಿಗೆ ಎಳೆದ ಪ್ಯಾರಲಲ್ ಫೋನ್, ಇಂಟರ್‌ಕಾಮ್‌ನ ಇಪಿಎಬಿಎಕ್ಸ್ ಪೆಟ್ಟಿಗೆ, ಫ್ಯಾಕ್ಸ್, ಕಳ್ಳತನದ ಅಲಾರಾಂ, ಫೋನ್ ತಂತಿಯ ಮೇಲೆಯೇ ನಡೆಯುವ ಹಳೆಯ ಕಾರ್ಡ್ ಯಂತ್ರ, ಇವುಗಳಲ್ಲಿ ಯಾವುದಾದರೂ ಇದ್ದೇ ಇರುತ್ತದೆ. ಫೋನ್ ಮತ್ತು ಇಂಟರ್‌ಕಾಮ್ ಹೊಸ ವ್ಯವಸ್ಥೆಗೆ ಸುಲಭವಾಗಿ ಒಗ್ಗುತ್ತವೆ. ಫ್ಯಾಕ್ಸ್ ಮತ್ತು ಅಲಾರಾಂ ಹಟಮಾರಿಗಳು. ಫ್ಯಾಕ್ಸ್ ಇಲ್ಲದೆ ನಡೆಯುವುದೇ ಇಲ್ಲ ಎನ್ನುವವರು ಇಂಟರ್ನೆಟ್ ಮೂಲಕ ಫ್ಯಾಕ್ಸ್ ಕಳುಹಿಸುವ ಟಿ.38 ಪದ್ಧತಿ ದೊರೆಯುತ್ತದೆಯೇ ಎಂದು ಸೇವೆ ಕೊಡುವವರನ್ನು ಮೊದಲೇ ಕೇಳಬೇಕು.

ಎರಡು ದಾರಿಗಳು

ಮೊದಲನೆಯದು, ಈಗ ಲ್ಯಾಂಡ್‌ಲೈನ್ ಕೊಟ್ಟಿರುವ ಕಂಪನಿಯಿಂದಲೇ ಫೈಬರ್ ಸಂಪರ್ಕ ಪಡೆಯುವುದು. ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಫೋನಿಗೆಂದೇ ಒಂದು ಕಿಂಡಿ ಇರುತ್ತದೆ. ಹಳೆಯ ಫೋನನ್ನೇ ಅದಕ್ಕೆ ಸಿಕ್ಕಿಸಬಹುದು. ಬಿಎಸ್‌ಎನ್‌ಎಲ್‌ನಂತಹ ಕಂಪನಿಗಳಲ್ಲಿ ತಾಮ್ರದಿಂದ ಫೈಬರ್‌ಗೆ ಬರುವಾಗ ಸಾಮಾನ್ಯವಾಗಿ ಅದೇ ನಂಬರ್ ಮುಂದುವರಿಸಲು ಅವಕಾಶವಿರುತ್ತದೆ. ಆದರೆ ಇದನ್ನು ಬಾಯಿಮಾತಿಗೆ ಬಿಡದೆ ಅರ್ಜಿಯಲ್ಲಿ ಬರೆಸಬೇಕು, ಏಕೆಂದರೆ ಹೊಸ ಸಂಪರ್ಕವೆಂದು ಅರ್ಜಿ ಹೋದರೆ ಹೊಸ ನಂಬರ್ ಬರುತ್ತದೆ.

ಎರಡನೆಯದು, ಕ್ಲೌಡ್ ಫೋನ್ ಸೇವೆ, ಅಂದರೆ ಕರೆಗಳನ್ನು ಇಂಟರ್ನೆಟ್‌ನಲ್ಲಿರುವ ಕಂಪನಿಯ ಕಂಪ್ಯೂಟರುಗಳೇ ನಿಭಾಯಿಸುವ ವ್ಯವಸ್ಥೆ. ಕರೆ ಬಂದ ಕೂಡಲೇ ‘ಮಾರಾಟಕ್ಕೆ ಒಂದು ಒತ್ತಿರಿ’ ಎನ್ನುವ ಕನ್ನಡ ಧ್ವನಿ, ಏಕಕಾಲಕ್ಕೆ ಮೂವರ ಫೋನ್ ಬಾರಿಸುವುದು, ಕರೆ ಮುದ್ರಿಸಿಕೊಳ್ಳುವುದು ಇವೆಲ್ಲ ಇಲ್ಲಿ ಸಿಗುತ್ತವೆ. ಆದರೆ ಮೊಬೈಲಿಗೆ 2011ರ ಜನವರಿಯಲ್ಲಿ ದೇಶದಾದ್ಯಂತ ಬಂದ ನಂಬರ್ ಪೋರ್ಟಬಿಲಿಟಿ (ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ) ಲ್ಯಾಂಡ್‌ಲೈನಿಗೆ ಬಂದಿಲ್ಲ. ಹಾಗಾಗಿ ಬೇರೆ ಕಂಪನಿಗೆ ಹೋದರೆ ಹಳೆಯ 0816 ನಂಬರ್ ಜೊತೆಗೆ ಬರುವುದಿಲ್ಲ. ಕರೆ ತೆಗೆಯುವವರು ಇಬ್ಬರೇ ಇರುವ ಅಂಗಡಿಗೆ ಮೊದಲ ದಾರಿಯೇ ಸಾಕು ಎಂಬುದು ಈ ಲೇಖಕನ ಅಭಿಪ್ರಾಯ. ಕ್ಲೌಡ್ ಸೇವೆಯ ತಿಂಗಳ ಬಾಡಿಗೆಗೆ ಅರ್ಥ ಬರುವುದು ನಾಲ್ಕೈದು ಮಂದಿ ದಿನವಿಡೀ ಕರೆಗಳಲ್ಲಿ ಮುಳುಗಿರುವ ಕಡೆ.

ಲೈನ್ ಪರೀಕ್ಷೆ

ಫೋನ್ ಕರೆಗೆ ಬೇಕಾದ ಇಂಟರ್ನೆಟ್ ವೇಗ ಬಹಳ ಕಡಿಮೆ. ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ (ಮಾಹಿತಿಯ ಸಣ್ಣ ತುಣುಕುಗಳಾಗಿ) ಕಳುಹಿಸುತ್ತಾರೆ, ಜಿ.711 ಎಂಬ ಪ್ರಚಲಿತ ಪದ್ಧತಿಯಲ್ಲಿ ಒಂದು ಕರೆ ಪ್ರತಿ ದಿಕ್ಕಿಗೂ 100 ಕೆಬಿಪಿಎಸ್‌ಗಿಂತ ಕಡಿಮೆ ಬಳಸುತ್ತದೆ. ಆದ್ದರಿಂದ ಫೋನಿಗಾಗಿಯೇ ದುಬಾರಿ ಪ್ಲಾನ್ ಕೊಳ್ಳಿ ಎನ್ನುವವರ ಮಾತು ಕೇಳಬೇಕಿಲ್ಲ. ನೋಡಬೇಕಾದದ್ದು ಲೈನಿನ ಸ್ಥಿರತೆ. ಧ್ವನಿ ಒಂದು ತುದಿಯಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತು ಸಲೀಸು. ಅದಕ್ಕಿಂತ ಬಹಳ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಒಟ್ಟಿಗೆ ನಿಲ್ಲಿಸುತ್ತಾರೆ. ವಾರಕಾಲ ವ್ಯಾಪಾರ ಬಿರುಸಾಗಿರುವ ಹೊತ್ತಿನಲ್ಲೇ ಪರೀಕ್ಷೆ ಮಾಡಬೇಕು, ರಾತ್ರಿಯ ಫಲಿತಾಂಶ ಪ್ರಯೋಜನಕ್ಕಿಲ್ಲ. ಸಿಸಿಟಿವಿ ದೃಶ್ಯಗಳು ಅದೇ ಸಂಪರ್ಕದಲ್ಲಿ ಕ್ಲೌಡಿಗೆ ಏರುತ್ತಿದ್ದರೆ ಅಪ್‌ಲೋಡ್ ಉಸಿರುಗಟ್ಟಿ ಮಾತು ತುಂಡಾಗುತ್ತದೆ. ರೌಟರಿನಲ್ಲಿ ಧ್ವನಿಗೆ ಆದ್ಯತೆ ಕೊಡುವಂತೆ ಹೇಳಿ ಮಾಡಿಸಿಕೊಳ್ಳಬೇಕು.

ಕರೆಂಟ್ ಹೋದರೆ?

ಹೆಚ್ಚಿನವರು ಮರೆಯುವುದು ಇದನ್ನೇ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ವಿದ್ಯುತ್ ಬರುತ್ತಿದ್ದುದರಿಂದ ಊರಿಡೀ ಕತ್ತಲಾದರೂ ಫೋನ್ ಬಾರಿಸುತ್ತಿತ್ತು. ಫೈಬರಿನಲ್ಲಿ ಹರಿಯುವುದು ಬೆಳಕು ಮಾತ್ರ, ಹಾಗಾಗಿ ಓಎನ್‌ಟಿ ಪೆಟ್ಟಿಗೆಗೆ ಅಂಗಡಿಯ ಕರೆಂಟೇ ಬೇಕು. ಈ ಪೆಟ್ಟಿಗೆಗಳು ಸಾಮಾನ್ಯವಾಗಿ 12 ವೋಲ್ಟಿನವು. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಂಡು ಅದಕ್ಕೆ ಹೊಂದುವ ಮಿನಿ ಯುಪಿಎಸ್ ತರಬೇಕು. ರೌಟರ್ ಬೇರೆಯಾಗಿದ್ದರೆ ಅದಕ್ಕೂ ಒಂದು. ಸ್ಥಳೀಯ ಕೇಬಲ್‌ನವರಿಂದ ಸಂಪರ್ಕ ಪಡೆದಿದ್ದರೆ ‘ಕಂಬದ ಮೇಲೆ ನಿಮ್ಮ ಸ್ವಿಚ್ ಇದೆಯೇ, ಅದಕ್ಕೆ ಬ್ಯಾಟರಿ ಇದೆಯೇ’ ಎಂದು ಕೇಳಿ. ಅದು ಆರಿದರೆ ಅಂಗಡಿಯಲ್ಲಿ ಎಷ್ಟು ಯುಪಿಎಸ್ ಇಟ್ಟರೂ ಫೋನ್ ಮೂಕ.

ಜೋಡಿಸುವ ದಿನ

ಗೋದಾಮಿನ ಪ್ಯಾರಲಲ್ ಫೋನನ್ನು ಉಳಿಸಿಕೊಳ್ಳುವವರು ಇಲ್ಲಿ ಎಚ್ಚರ ವಹಿಸಬೇಕು. ಓಎನ್‌ಟಿಯಿಂದ ಒಂದು ತಂತಿ ತಂದು ಗೋಡೆಯ ಹಳೆಯ ರೋಸೆಟ್ಟಿಗೆ (ಫೋನ್ ತಂತಿ ಸಿಕ್ಕಿಸುವ ಚಿಕ್ಕ ಪೆಟ್ಟಿಗೆಗೆ) ಕೊಟ್ಟರೆ ಒಳಗಿನ ಫೋನ್‌ಗಳೆಲ್ಲ ಜೀವ ಪಡೆಯುತ್ತವೆ, ಆದರೆ ಅದಕ್ಕೂ ಮುನ್ನ ಕಂಬದಿಂದ ಬರುವ ತಾಮ್ರದ ಜೋಡಿ ತಂತಿಯನ್ನು ಹೊರಗಡೆಯೇ ಬಿಚ್ಚಿರಬೇಕು. ಎರಡೂ ಕೂಡಿದರೆ ಎಕ್ಸ್‌ಚೇಂಜಿನ ವೋಲ್ಟೇಜ್ ಹೊಸ ಪೆಟ್ಟಿಗೆಯ ಫೋನ್ ಕಿಂಡಿಯನ್ನು ಸುಟ್ಟುಹಾಕಬಹುದು. ಇಂಟರ್‌ಕಾಮ್ ಇದ್ದರೆ ಇದೇ ತಂತಿಯನ್ನು ಇಪಿಎಬಿಎಕ್ಸ್‌ನ ಹೊರಲೈನ್ ಕಿಂಡಿಗೆ ಕೊಟ್ಟರಾಯಿತು. ಹಳೆಯ ಫೋನಿನ ಅಡಿಯಲ್ಲಿ ಪಲ್ಸ್–ಟೋನ್ ಗುಂಡಿ ಇದ್ದರೆ ಟೋನ್ ಕಡೆಗೆ ಸರಿಸಿ, ಇಲ್ಲವಾದರೆ ಕರೆ ಬರುತ್ತದೆ, ಹೋಗುವುದಿಲ್ಲ.

ರೌಟರಿಗೇ ನೇರವಾಗಿ ಜೋಡಿಸುವ ಇಂಟರ್ನೆಟ್ ಫೋನ್, ಅಂದರೆ ಐಪಿ ಫೋನ್ ಬಳಸುವವರಿಗೆ ಕಾಡುವ ತೊಂದರೆಯೇ ಬೇರೆ: ನಮ್ಮ ಮಾತು ಅವರಿಗೆ ಕೇಳಿಸುತ್ತದೆ, ಅವರದು ನಮಗೆ ಕೇಳಿಸದು. ಅನೇಕ ಸಲ ಇದಕ್ಕೆ ಕಾರಣ ರೌಟರಿನಲ್ಲಿರುವ ‘ಸಿಪ್ ಎಎಲ್‌ಜಿ’ ಎಂಬ ಆಯ್ಕೆ. ಅದನ್ನು ಆಫ್ ಮಾಡಿ ನೋಡಬೇಕು. ಫೋನಿನೊಂದಿಗೆ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ, ಬೇಡವಾದರೆ ಐಎಸ್‌ಡಿ ಮುಚ್ಚಿಸಿ. ಕನ್ನ ಹಾಕುವವರು ರಾತ್ರೋರಾತ್ರಿ ವಿದೇಶಗಳಿಗೆ ಕರೆ ಮಾಡಿದರೆ ಬಿಲ್ ಬರುವುದು ನಿಮ್ಮ ಹೆಸರಿಗೆ.

ಹಳೆಯ ಲೈನ್ ಒಪ್ಪಿಸುವುದು

ಅದೇ ನಂಬರ್ ಫೈಬರ್‌ಗೆ ಬಂದಿದ್ದರೆ ಬೇರೆ ಊರಿನ ಲ್ಯಾಂಡ್‌ಲೈನಿನಿಂದ ಒಂದು, ಬೇರೆ ಬೇರೆ ಕಂಪನಿಗಳ ಮೊಬೈಲಿನಿಂದ ಒಂದೊಂದು ಕರೆ ಮಾಡಿಸಿ ನೋಡಿ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕೆಂಬ 2021ರ ನಿಯಮ ಇಲ್ಲಿಯೂ ಮರೆಯಬಾರದು. ಹೊಸ ನಂಬರ್ ಪಡೆದವರು ಹಳೆಯದನ್ನು ಕೂಡಲೇ ಒಪ್ಪಿಸದೆ, ಕೆಲವು ತಿಂಗಳು ಕಾಲ್ ಫಾರ್ವರ್ಡ್ ಹಾಕಿ ಇಟ್ಟುಕೊಳ್ಳಬೇಕು. ಹೀಗೆ ಮುಂದಕ್ಕೆ ಹೋಗುವ ಕರೆಯ ಖರ್ಚು ಹಳೆಯ ಲೈನಿನ ಪ್ಲಾನಿಗೆ ಬೀಳುತ್ತದೆಯೇ ಎಂದು ಕೇಳಿಕೊಂಡಿರಿ. ಈ ಅವಧಿಯಲ್ಲಿ ಬ್ಯಾಂಕ್, ಜಿಎಸ್‌ಟಿ ನೋಂದಣಿ, ಗೂಗಲ್ ನಕ್ಷೆ, ಲಾರಿ ಆಫೀಸು ಎಲ್ಲ ಕಡೆ ನಂಬರ್ ತಿದ್ದಿಸಿ, ಹೊಸ ಬಿಲ್ ಪುಸ್ತಕಕ್ಕೆ ಅಚ್ಚಿಗೆ ಕೊಡಿ. ಹಳೆಯ ನಂಬರಿಗೆ ವಾರಕ್ಕೆ ಒಂದೆರಡು ಕರೆ ಮಾತ್ರ ಬರುವಂತಾದ ಮೇಲೆ ಬಾಕಿ ಕಟ್ಟಿ, ಉಪಕರಣ ಹಿಂದಿರುಗಿಸಿ, ಠೇವಣಿ ವಾಪಸಾತಿಯ ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.