ಉಸಿರು ಎಣಿಸುತ್ತೇನೆ ಅಂತ ನಾನು ಹೇಳುವುದಿಲ್ಲ

ಬಿಪಿ ಮಶೀನು, ಆಕ್ಸಿಮೀಟರು, ಡಿಜಿಟಲ್ ಥರ್ಮಾಮೀಟರು ಎಲ್ಲವೂ ನಮ್ಮ ಉಪಕೇಂದ್ರದಲ್ಲಿವೆ. ಉಸಿರು ಎಣಿಸಲು ಮಾತ್ರ ನಮ್ಮಲ್ಲಿ ಮಶೀನಿಲ್ಲ. ಅದಕ್ಕೇ ಇರಬೇಕು, ಎಷ್ಟೋ ಕೇಸ್ ಶೀಟ್‌ಗಳಲ್ಲಿ ಎಲ್ಲರ ಉಸಿರೂ ನಿಮಿಷಕ್ಕೆ 18, ಇಲ್ಲವೇ 20. ಎಣಿಸದೆ ಬರೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ನಾನು ಬ್ಯಾಡಗಿ ಕಡೆಯ ಹಳ್ಳಿಯಲ್ಲಿ ನರ್ಸ್. ಸೀಸನ್ ಬಂತೆಂದರೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಕೆಮ್ಮುತ್ತಾ ಬರುತ್ತಾರೆ. ಘಾಟಿಗೆ ಬಂದ ಕೆಮ್ಮು ಯಾವುದು, ಎದೆಯೊಳಗೆ ಕಫ ಕಟ್ಟಿದ್ದು ಯಾವುದು? ಅಲ್ಲಿ ನನಗೆ ಜಾಸ್ತಿ ನೆರವಾಗುವುದು ಉಸಿರಿನ ಲೆಕ್ಕವೇ.

ಎಣಿಸುತ್ತಿದ್ದೇನೆ ಅಂತ ಗೊತ್ತಾದರೆ ಯಾರೂ ಸಹಜವಾಗಿ ಉಸಿರಾಡುವುದಿಲ್ಲ. ಹಾಗಾಗಿ ನಾಡಿ ಎಣಿಸಿ ಮುಗಿದರೂ ಮಣಿಕಟ್ಟು ಬಿಡುವುದಿಲ್ಲ. ಗಡಿಯಾರ ನೋಡುತ್ತಾ, ಸೆರಗು ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ದೊಡ್ಡವರಲ್ಲಿ 12ರಿಂದ 20 ಸರಿ. 25 ಮುಟ್ಟಿದರೆ ಬಿಪಿ ಎಷ್ಟೇ ಚೆನ್ನಾಗಿರಲಿ, ಮನೆಗೆ ಕಳಿಸುವುದಿಲ್ಲ. ಆಕ್ಸಿಜನ್ ಇಳಿಯುವ ಮೊದಲೇ ಉಸಿರು ಜೋರಾಗಬಹುದು. ದೇಹ ಅಷ್ಟು ಹೊತ್ತು ಒದ್ದಾಡಿಕೊಂಡು ಸಂಭಾಳಿಸುತ್ತಿರುತ್ತದೆ. ಮಕ್ಕಳ ಲೆಕ್ಕ ಬೇರೆ: ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು. ಅಳುವ ಮಗುವಿನದು ಎಣಿಸಿ ಉಪಯೋಗವಿಲ್ಲ. ತಾಯಿಯ ಮಡಿಲಲ್ಲಿ ಸುಮ್ಮನಾಗುವ ತನಕ ಕಾಯುತ್ತೇನೆ. ಅಂಗಿ ಎತ್ತಿ, ಉಸಿರು ಎಳೆದುಕೊಂಡಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಹೋಗುತ್ತಾ ಅಂತಲೂ ನೋಡುತ್ತೇನೆ.

ಆದರೆ ಜನ ಕೇಳುವುದು ಒಂದೇ. "ಬಿಪಿ ಅಷ್ಟ ನೋಡ್ರಿ ಸಿಸ್ಟರ್, ಬಸ್ಸಿಗೆ ಹೊತ್ತಾತು." ಬಿಸಿಲಲ್ಲಿ ನಡೆದು ಬಂದಿರುತ್ತಾರೆ, ಬಾಯಲ್ಲಿ ತಂಬಾಕು ಬೇರೆ. ಚಹಾ, ತಂಬಾಕು ಆದ ಮೇಲೆ ಅರ್ಧ ಗಂಟೆ ಬಿಟ್ಟು ಬಿಪಿ ನೋಡಬೇಕು, ನೋಡುವ ಮುಂಚೆ ಐದು ನಿಮಿಷ ಸುಮ್ನೆ ಕೂತಿರಬೇಕು. ಬಸ್ಸು ಕಾಯುತ್ತದೆಯೇ? ಅದಕ್ಕೆ ಜ್ವರ, ನಾಡಿ, ಉಸಿರು ಮೊದಲು ಮುಗಿಸುತ್ತೇನೆ. ಬಿಪಿ ಕೊನೆಗೆ. ಅಷ್ಟರಲ್ಲಿ ಅವರು ಕೂತು ಸುಧಾರಿಸಿಕೊಂಡಿರುತ್ತಾರೆ.

ವಯಸ್ಸಾದವರ ಖಣದ ಕುಪ್ಪಸದ ತೋಳು ಬಲು ಬಿಗಿ. ಅದನ್ನು ಮೇಲಕ್ಕೆ ಸುತ್ತಿದರೆ ತೋಳಿಗೆ ಹಗ್ಗ ಬಿಗಿದ ಹಾಗೆ. ಪರದೆ ಹಾಕಿ ಒಂದು ಕೈ ಹೊರಗೆ ತೆಗೆಸುವುದೇ ಒಳ್ಳೆಯದು. ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡಿಸುತ್ತೇನೆ. ಕೆಳಗೆ ಜೋತುಬಿದ್ದರೆ ಬಿಪಿ ಜಾಸ್ತಿ ತೋರಿಸುತ್ತದೆ. ಗರಡಿಯ ಹುಡುಗರು ಬಂದರೆ ತೋಳಿಗೆ ಸುತ್ತುವ ಬಿಪಿ ಪಟ್ಟಿ ದೊಡ್ಡದೇ ಬೇಕು. ಸಾಮಾನ್ಯ ಪಟ್ಟಿ ಅವರ ತೋಳಿಗೆ ಚಿಕ್ಕದು, ಇಲ್ಲದ ಬಿಪಿ ಇದ್ದಂತೆ ಕಾಣುತ್ತದೆ. ಆ ಚೀಟಿ ಹಿಡಿದುಕೊಂಡು ಸುಮ್ಮಸುಮ್ಮನೆ ಗುಳಿಗೆ ಶುರು ಆಗುವುದುಂಟು.

ಆಕ್ಸಿಮೀಟರ್ ತೋರಿಸುವ ನಾಡಿ ನನ್ನ ಬೆರಳು ಹೇಳುವ ನಾಡಿಗೆ ಹೊಂದದಿದ್ದರೆ ಅದರ ಆಕ್ಸಿಜನ್ ಅಂಕಿಯನ್ನೂ ನಂಬುವುದಿಲ್ಲ. ಉಗುರುಬಣ್ಣ ಅಳಿಸಿ, ತಣ್ಣಗಿನ ಬೆರಳು ಉಜ್ಜಿ ಮತ್ತೆ ಹಾಕುತ್ತೇನೆ. ನಾಡಿ ಏರುಪೇರಾಗಿದ್ದರೆ ಪೂರ್ತಿ ನಿಮಿಷ ಕೈಯಲ್ಲೇ ಎಣಿಕೆ. ಅಂಥವರಲ್ಲಿ ಆಟೊಮ್ಯಾಟಿಕ್ ಬಿಪಿ ಮಶೀನೂ ತಪ್ಪುವುದುಂಟು, ಸ್ಟೆತಸ್ಕೋಪ್ ಇಟ್ಟು ಕೇಳುವುದೇ ವಾಸಿ.

ರಕ್ತ ಕಡಿಮೆ ಇದೆಯಾ ಅಂತ ಕೆಳರೆಪ್ಪೆ ಎಳೆದು ನೋಡುವುದನ್ನು ಬಾಗಿಲ ಹತ್ತಿರ, ಹಗಲು ಬೆಳಕಲ್ಲಿ ಮಾಡುತ್ತೇನೆ. ಟ್ಯೂಬ್‌ಲೈಟ್ ಕೆಳಗೆ ಎಲ್ಲರೂ ಬಿಳಿಚಿಕೊಂಡಂತೆಯೇ ಕಾಣುತ್ತಾರೆ. ಬಾವು ಇದೆಯಾ ಅಂತ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡುತ್ತೇನೆ. ಗುಣಿ ಬಿದ್ದರೆ ಇನ್ನೊಂದು ಕಾಲನ್ನೂ ನೋಡುತ್ತೇನೆ. ಒಂದೇ ಕಾಲು ಊದಿದ್ದರೆ ಚಿಂತೆಯೇ ಬೇರೆ.

ಹಾವೇರಿಗೆ ಕಳಿಸುವಾಗ ಚೀಟಿಯಲ್ಲಿ ಪ್ರತಿ ಅಂಕಿಯ ಪಕ್ಕ ಸಮಯ ಬರೆಯುತ್ತೇನೆ. 108 ಬರುವುದು ತಡವಾದರೆ ಎಲ್ಲವನ್ನೂ ಮತ್ತೊಮ್ಮೆ ಅಳೆಯುತ್ತೇನೆ. ಹಳೆಯದನ್ನು ಹೊಡೆದು ಹಾಕದೆ ಹೊಸದನ್ನು ಅದರ ಕೆಳಗೇ ಬರೆಯುತ್ತೇನೆ.