ಹಂಡೆ ನೀರು, ವ್ಯಾಯಾಮ, ಹಾರ್ಮೋನು: ಎಂಎಸ್ ಜೊತೆ ನನ್ನ ಅನುಭವ

ನರಗಳ ಹೊದಿಕೆ ಕೆಡುವ ರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದ್ದವರು ಮಲೆನಾಡಿನಲ್ಲಿ ಮೊದಲು ತಿದ್ದಿಕೊಳ್ಳಬೇಕಾದದ್ದು ಬಚ್ಚಲಿನ ರೂಢಿ. ಹಬೆಯಾಡುವ ಹಂಡೆ ನೀರು ಹೊಯ್ದುಕೊಂಡು ಎದ್ದರೆ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಮಯಲಿನ್ ಹೊದಿಕೆ ಸವೆದ ನರದಲ್ಲಿ ಸಂದೇಶ ಹೇಗೋ ತಡವರಿಸಿ ದಾಟುತ್ತಿರುತ್ತದೆ. ಮೈಯೊಳಗಿನ ಬಿಸಿ ಅರ್ಧ ಡಿಗ್ರಿ ಏರಿದರೂ ಅದು ಅಲ್ಲೇ ನಿಂತುಬಿಡಬಹುದು. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಇದನ್ನು ಬರೆದಿಟ್ಟ: ಮೈ ದಣಿಸಿದಾಗ ರೋಗಿಗಳ ದೃಷ್ಟಿ ಮಸುಕಾಗಿ, ವಿಶ್ರಾಂತಿ ಪಡೆದರೆ ಮರಳುತ್ತಿತ್ತು. ಹೊಸ ಹಾನಿಯೇನೂ ಆಗಿರುವುದಿಲ್ಲ. ಆದರೂ ಇದೇ ಹೆದರಿಕೆಯಿಂದ ಎಷ್ಟೋ ದಶಕ ಎಂಎಸ್‌ನವರಿಗೆ ವ್ಯಾಯಾಮವೇ ಬೇಡ ಎನ್ನುತ್ತಿದ್ದರು. 1996ರಲ್ಲಿ ಅಮೆರಿಕದ ಯೂಟಾದಲ್ಲಿ 15 ವಾರ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನ ಬಂದ ಮೇಲೆ ಆ ಮಾತು ಸಡಿಲವಾಯಿತು.

ನಾನು ಪಾಲಿಸುವ ಲೆಕ್ಕ ಇದು: ವಾರಕ್ಕೆ ಎರಡು ದಿನ 30 ನಿಮಿಷ ನಿಂತ ಸೈಕಲ್, ಬೇರೆ ಎರಡು ದಿನ ಬಲದ ವ್ಯಾಯಾಮ. ಮೂವತ್ತು ನಿಮಿಷವನ್ನು ಒಂದೇ ಉಸಿರಿಗೆ ಮಾಡುವುದಿಲ್ಲ. ಹತ್ತು ನಿಮಿಷ ತುಳಿದು, ಐದು ನಿಮಿಷ ಕೂತು, ಮತ್ತೆ ಹತ್ತು, ಹೀಗೆ ಮೂರು ಸಲ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ ಸಾಕು. ಶುರು ಮಾಡುವ ಮೊದಲು ಹದಿನೈದು ನಿಮಿಷ ಬಾವಿ ನೀರಿನಲ್ಲಿ ಅದ್ದಿದ ಟವೆಲ್ ಕುತ್ತಿಗೆಗೆ, ನಡುನಡುವೆ ತಣ್ಣೀರು ಗುಟುಕು. ಮಳೆಗಾಲದಲ್ಲಿ ಫ್ಯಾನು ಇಲ್ಲದೆ ಸೈಕಲ್ ಹತ್ತುವುದಿಲ್ಲ. ಆಷಾಢದಲ್ಲಿ ಹೊರಗೆ ತಂಪಿದ್ದರೂ ತೇವಕ್ಕೆ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಕರೆಂಟು ಹೋದರೆ ಅವತ್ತಿನ ಸೈಕಲ್ ಅಲ್ಲಿಗೇ ಮುಗಿಯಿತು. ಚಳಿಗಾಲದ ಬೆಳಿಗ್ಗೆ ಇದಕ್ಕೆ ತಿರುಗುಮುರುಗು: ಚಳಿಗೆ ಸ್ನಾಯು ಬಿಗಿದು ಕಾಲು ಕೊರಡಾಗುತ್ತದೆ. ಆಗ ಒದ್ದೆ ಟವೆಲ್ ಬೇಡ, ಬಿಸಿಲೇರಿದ ಮೇಲೆ ಮಾಡಿದರಾಯಿತು.

ಬಲಕ್ಕೆ ಜಿಮ್ ಬೇಕಿಲ್ಲ. ಜಗಲಿಯ ಬೆಂಚಿನಿಂದ ಕೈ ಊರದೆ ಎದ್ದು ಕೂರುವುದು, ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಪಾದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಬೆರಳುಗಳನ್ನು ತನ್ನತ್ತ ಎಳೆಯುವುದು. ಒಂದೊಂದೂ 10ರಿಂದ 15 ಸಲ, ಎರಡು ಸುತ್ತು, ನಡುವೆ ಎರಡು ನಿಮಿಷ ಬಿಡುವು. ಮೂರನೆಯದನ್ನು ಬಿಡಬಾರದು. ಪಾದದ ಮುಂಭಾಗ ಎತ್ತುವ ಶಕ್ತಿ ಕುಂದುತ್ತಿದ್ದರೆ ಅದು ಮೊದಲು ಕಾಣುವುದು ಹವಾಯಿ ಚಪ್ಪಲಿಯಲ್ಲಿ: ಒಂದೇ ಕಾಲಿನದು ತುದಿಯಲ್ಲಿ ಓರೆಯಾಗಿ ಸವೆದಿರುತ್ತದೆ. ಅಂಥ ಕಾಲಿಗೆ ಅಂಗಳದ ಅಡಿಕೆ ದಬ್ಬೆಯ ಅಂಚು ಎಡವುತ್ತದೆ, ಹಾವಸೆ ಹಿಡಿದ ಕಲ್ಲು ಜಾರುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಸರಿ. ಅಂಗಳದ ಹಾವಸೆಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಬೇಕು.

ವ್ಯಾಯಾಮದ ನಂತರ ಬಂದ ಜೋಮು, ಮಸುಕು ಒಂದು ಗಂಟೆಯೊಳಗೆ ಇಳಿದರೆ ಪ್ರಮಾಣ ಸರಿಯಿದೆ. ಮರುದಿನವೂ ಸುಸ್ತು ಎಳೆದರೆ ಮುಂದಿನ ವಾರ ಐದನೇ ಒಂದು ಭಾಗ ಕಡಿಮೆ. ಜಗಲಿಯಲ್ಲಿ 25 ಅಡಿ ಗುರುತು ಹಾಕಿಕೊಂಡು ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಆದಷ್ಟು ಬೇಗ ನಡೆದು ಸೆಕೆಂಡು ಬರೆದಿಡುತ್ತೇನೆ. ನರರೋಗ ತಜ್ಞರು ಬಳಸುವ ಅಳತೆಯೂ ಇದೇ. ಶೇಕಡಾ 20ರಷ್ಟು ನಿಧಾನವಾದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಆ ಪುಸ್ತಕದಲ್ಲೇ ಮುಟ್ಟಿನ ತಾರೀಖೂ ಇರಲಿ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನು ಮೈಯ ಉಷ್ಣತೆಯನ್ನು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿಸುತ್ತದೆ. ಹಂಡೆ ನೀರು ಮಾಡುವ ಕೆಲಸವನ್ನೇ ಅದು ಒಳಗಿಂದ ಮಾಡುತ್ತದೆ, ಹಾಗಾಗಿ ಮುಟ್ಟಿನ ಮುಂಚಿನ ವಾರದಲ್ಲಿ ಕಾಲು ಭಾರವಾದರೆ ಅದೆಲ್ಲ ರಿಲ್ಯಾಪ್ಸ್ (ರೋಗ ಮತ್ತೆ ಕೆರಳುವುದು) ಅಲ್ಲ. ಜ್ವರವಾಗಲಿ ಸೋಂಕಾಗಲಿ ಇಲ್ಲದೆ, ಹೊಸ ತೊಂದರೆ 24 ಗಂಟೆಗೂ ಮೀರಿ ಉಳಿದರೆ ರಿಲ್ಯಾಪ್ಸ್ ಎಂದು ಅನುಮಾನಿಸಿ ವೈದ್ಯರಿಗೆ ಹೇಳಬೇಕು. ಮೂತ್ರ ಪರೀಕ್ಷೆ ಮೊದಲು. ಪದೇ ಪದೇ ಏಳಬೇಕಲ್ಲ ಎಂದು ನೀರು ಕುಡಿಯುವುದನ್ನೇ ಬಿಡುವವರಲ್ಲಿ ಮೂತ್ರದ ಸೋಂಕು ಹೆಚ್ಚು, ಅದು ರಿಲ್ಯಾಪ್ಸ್‌ನಂತೆಯೇ ವೇಷ ಹಾಕುತ್ತದೆ. ಸೋಂಕು ಇರುವಾಗಲೇ, ರಿಲ್ಯಾಪ್ಸ್‌ಗೆ ಕೊಡುವ ಸ್ಟೀರಾಯ್ಡ್ ಆದ ಮಿಥೈಲ್ ಪ್ರೆಡ್ನಿಸೊಲೋನ್ ಅನ್ನು ದಿನಕ್ಕೆ 1 ಗ್ರಾಂ ಡ್ರಿಪ್ ಏರಿಸಿದರೆ ಸೋಂಕು ಬಲಿಯುತ್ತದೆ.

ಇನ್ನು ಹಾರ್ಮೋನನ್ನೇ ಔಷಧಿ ಮಾಡಿಕೊಳ್ಳುವ ಮಾತು. ಆಸೆ ಹುಟ್ಟಿದ್ದು ಬಸಿರಿನಿಂದ. 1998ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಬಸಿರಿಗೆ ಮುಂಚೆ ವರ್ಷಕ್ಕೆ 0.7 ಇದ್ದ ರಿಲ್ಯಾಪ್ಸ್ ದರ ಬಸಿರಿನ ಕೊನೆಯ ಮೂರು ತಿಂಗಳಲ್ಲಿ 0.2ಕ್ಕೆ ಇಳಿದು, ಹೆರಿಗೆಯಾದ ಮೂರು ತಿಂಗಳಲ್ಲಿ 1.2ಕ್ಕೆ ಜಿಗಿಯಿತು. ಬಾಣಂತನವೆಂದರೆ ನಮ್ಮಲ್ಲಿ ಬಿಸಿನೀರು, ಬೆಚ್ಚನೆಯ ಕೋಣೆ, ಕಂಬಳಿ; ಬಾಣಂತಿಗೆ ಎಂಎಸ್ ಇದ್ದರೆ ಮನೆಯ ಹಿರಿಯ ಹೆಂಗಸರಿಗೆ ಮೊದಲೇ ತಿಳಿಸಿ ಹೇಳಿ. ಬಸಿರಿನಲ್ಲಿ ಏರುವ ಎಸ್ಟ್ರಿಯಾಲ್ ಹಾರ್ಮೋನನ್ನು ದಿನಕ್ಕೆ 8 ಮಿಲಿಗ್ರಾಂನಂತೆ ಎಂಎಸ್ ಔಷಧಿ ಗ್ಲಾಟಿರಮರ್ ಜೊತೆ ಕೊಟ್ಟ ಅಮೆರಿಕದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು: ರಿಲ್ಯಾಪ್ಸ್ ಕಡಿಮೆಯಾದಂತೆ ಕಂಡರೂ ಗಟ್ಟಿ ತೀರ್ಮಾನಕ್ಕೆ ಸಾಲಲಿಲ್ಲ. ಗಂಡಸರಿಗೆ ದಿನಕ್ಕೆ 100 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಜೆಲ್ ಹಚ್ಚಿಸಿದ ಅಧ್ಯಯನದಲ್ಲಿ ಇದ್ದವರೇ ಹತ್ತು ಜನ. ಇಷ್ಟರ ಮೇಲೆ ಎಂಎಸ್‌ಗೆಂದು ಹಾರ್ಮೋನು ಮಾತ್ರೆ ತಂದು ನುಂಗುವುದು ನನ್ನ ಮಟ್ಟಿಗೆ ಸಲ್ಲದು. ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ, ಅದರಲ್ಲೂ ಓಡಾಟ ಕಡಿಮೆಯಾದವರಿಗೆ. ರೋಗ ತಡೆಯುವ ಮೂಲ ಔಷಧಿ ನಿಲ್ಲಿಸುವ ಪ್ರಶ್ನೆಯೇ ಇಲ್ಲ.

ವಿಟಮಿನ್ ಡಿ ಕೂಡ ಮೈಯಲ್ಲಿ ಹಾರ್ಮೋನಿನಂತೆಯೇ ನಡೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಸಿಲು ಕಾಣದ ನಮ್ಮ ಕಡೆ ಅದರ ಕೊರತೆ ಇದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಸರಿ. ಆದರೆ 60,000 ಯೂನಿಟ್ಟಿನ ಪುಡಿ ವಾರಕ್ಕೊಮ್ಮೆಯದು, ದಿನಕ್ಕೊಂದಲ್ಲ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು.

ಸುಸ್ತಿಗೆ ಥೈರಾಯ್ಡ್ ನೋಡಿಸುವಾಗ ಕೂದಲಿಗೋ ಎಂಎಸ್‌ಗೋ ಬಯೋಟಿನ್ (ಒಂದು ಬಿ ವಿಟಮಿನ್) ತಗೊಳ್ಳುತ್ತಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಥೈರಾಯ್ಡ್ ಪರೀಕ್ಷೆಗಳಲ್ಲಿ ತಪ್ಪಾಗಿ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ತೋರಿಸುತ್ತದೆ. ಇಲ್ಲದ ಥೈರಾಯ್ಡ್ ರೋಗಕ್ಕೆ ಮಾತ್ರೆ ಶುರುವಾಗಿಬಿಡುತ್ತದೆ.